ಒಂದು ರೋಲ್, ಆರು ಜನ: ಮುಂಬಯಿಯಲ್ಲಿ ಫಿಲ್ಮ್ ಛಾಯಾಗ್ರಹಣದ ಬಳಗ ಕಟ್ಟುವುದು ಹೇಗೆ?

ಮುಂಬಯಿಯಲ್ಲಿ ಫಿಲ್ಮ್ ಕ್ಯಾಮೆರಾ ಹಿಡಿದವರಿಗೆ ಬರವಿಲ್ಲ. ಭಾನುವಾರ ಬೆಳಿಗ್ಗೆ ಕಾಲಾ ಘೋಡಾದಿಂದ ಬ್ಯಾಲಾರ್ಡ್ ಎಸ್ಟೇಟ್ ತನಕ ಒಂದು ಸುತ್ತು ಹಾಕಿದರೆ ಕೊರಳಲ್ಲಿ ಪೆಂಟಾಕ್ಸ್ ಕೆ1000 ಅಥವಾ ಅಪ್ಪನ ಕಾಲದ ಯಾಶಿಕಾ ತೂಗುಹಾಕಿಕೊಂಡವರು ಒಬ್ಬಿಬ್ಬರಾದರೂ ಎದುರಾಗುತ್ತಾರೆ. ಡೊಂಬಿವಲಿ, ಮುಲುಂಡ್, ಚೆಂಬೂರುಗಳಿಂದ ಬಂದ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಅವರಲ್ಲಿರುತ್ತಾರೆ. ಬರವಿರುವುದು ಬಾಳಿಕೆ ಬರುವ ಬಳಗಕ್ಕೆ. ಹತ್ತು ಹದಿನೈದು ಜನ ಸೇರಿ ಚಿತ್ರ ತೆಗೆಯುತ್ತ ಒಂದು ನಡಿಗೆ ಹೊರಡುತ್ತಾರೆ, ಎರಡನೆಯದಕ್ಕೆ ಅರ್ಧದಷ್ಟು ಜನ ಬರುತ್ತಾರೆ, ಮಳೆಗಾಲದ ಹೊತ್ತಿಗೆ ಎಲ್ಲರೂ ತಂತಮ್ಮ ದಾರಿ ಹಿಡಿದಿರುತ್ತಾರೆ.

ಉತ್ಸಾಹ ಕಡಿಮೆಯಾಗಿ ಹೀಗಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಒಟ್ಟಿಗೆ ನಡೆದವರು ರೋಲ್ ಮುಗಿದ ಕೂಡಲೇ ಚದುರುತ್ತಾರೆ. ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಲ್ಯಾಬಿಗೆ ರೋಲ್ ಕೊಡುತ್ತಾರೆ, ಸ್ಕ್ಯಾನ್ ಮೊಬೈಲಿಗೆ ಬರುತ್ತದೆ, ತೊಳೆದ ಫಿಲ್ಮ್, ಅಂದರೆ ನೆಗೆಟಿವ್ ವಾಪಸು ತರಲೂ ಕೆಲವರು ಹೋಗುವುದಿಲ್ಲ. ಫಿಲ್ಮಿನ ನಿಜವಾದ ಕೆಲಸ ಶುರುವಾಗುವ ಹೊತ್ತಿಗೆ ಬಳಗವೇ ಇರುವುದಿಲ್ಲ. ಕಮ್ಮಟ, ನಡಿಗೆ, ಪ್ರದರ್ಶನ ಇವು ಮೂರು ಬೇರೆ ಬೇರೆ ಕಾರ್ಯಕ್ರಮಗಳೆಂದು ತಿಳಿದಿರುವವರೆಗೂ ಇದು ತಪ್ಪುವುದಿಲ್ಲ. ಒಂದೇ ರೋಲ್ ಕ್ಯಾಮೆರಾ ಹೊಕ್ಕು, ತೊಳೆದು (ರಾಸಾಯನಿಕದಲ್ಲಿ ಚಿತ್ರ ಮೂಡಿಸಿ), ಕಾಗದಕ್ಕೆ ಇಳಿದು, ಗೋಡೆ ಏರುವವರೆಗೆ ಅದೇ ಜನ ಅದರ ಜೊತೆಗಿರಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸಿ

ಮೊದಲು ಪ್ರದರ್ಶನದ ತಿಂಗಳನ್ನು ಗೊತ್ತುಮಾಡಿ. ಮುಂಬಯಿಗೆ ಜನವರಿ ಕೊನೆ ಅಥವಾ ಫೆಬ್ರವರಿ ಒಳ್ಳೆಯದು. ಗಾಳಿ ಒಣಗಿರುತ್ತದೆ, ಚಿತ್ರದ ಕಾಗದ ಸುರುಳಿಯಾಗುವುದಿಲ್ಲ, ಕಾಲಾ ಘೋಡಾ ಕಲಾ ಉತ್ಸವವೂ ಅದೇ ಹೊತ್ತಿಗೆ ನಡೆಯುವುದರಿಂದ ಜನರ ಕಣ್ಣು ಚಿತ್ರ ನೋಡುವ ಹದದಲ್ಲಿರುತ್ತದೆ. ಅಲ್ಲಿಂದ ಹಿಂದಕ್ಕೆ ಬಂದರೆ ಡಿಸೆಂಬರ್ ಪೂರ್ತಿ ಪ್ರಿಂಟ್ ಹಾಕುವುದಕ್ಕೆ ಬೇಕು. ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ನಡಿಗೆಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಕಮ್ಮಟಗಳ ಕಾಲ.

ಮಳೆಗಾಲದಲ್ಲಿ ಫಿಲ್ಮ್ ತೊಳೆಯುವುದೇ ಎಂದು ಹುಬ್ಬೇರಿಸಬೇಡಿ. ತೇವದ ಗಾಳಿಯಲ್ಲಿ ನೆಗೆಟಿವ್ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ನಿಜ. ಆದರೆ ಒದ್ದೆ ಫಿಲ್ಮಿನ ದೊಡ್ಡ ಶತ್ರು ಧೂಳು, ಅದು ಮಳೆಯಲ್ಲಿ ನೆಲ ಹಿಡಿದಿರುತ್ತದೆ. ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ತೊಳೆದ ನೆಗೆಟಿವ್‌ಗಿಂತ ಜುಲೈಯಲ್ಲಿ ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ರಾತ್ರಿಯಿಡೀ ಒಣಗಿದ ನೆಗೆಟಿವ್ ಎಷ್ಟೋ ಸ್ವಚ್ಛವಾಗಿರುತ್ತದೆ.

ಆರು ಜನ, ಒಂದು ಕೋಣೆ

ಆರಂಭಕ್ಕೆ ಆರು ಜನ ಸಾಕು. ಈ ಸಂಖ್ಯೆಗೆ ಕಾರಣವಿದೆ, ನಡಿಗೆಯ ಭಾಗದಲ್ಲಿ ಹೇಳುತ್ತೇನೆ. ಆರರಲ್ಲಿ ಒಬ್ಬರಿಗಾದರೂ ಹಿಂದೆ ಫಿಲ್ಮ್ ತೊಳೆದ ಅನುಭವವಿದ್ದರೆ ಅನುಕೂಲ. ನಮ್ಮ ಜನರಲ್ಲಿ ಇಂಥವರನ್ನು ಹುಡುಕುವುದು ಕಷ್ಟವಲ್ಲ: ಎಂಬತ್ತು ತೊಂಬತ್ತರ ದಶಕದಲ್ಲಿ ಮದುವೆ, ಯಕ್ಷಗಾನ, ಸಂಘದ ವಾರ್ಷಿಕೋತ್ಸವಗಳ ಫೋಟೋ ತೆಗೆಯುತ್ತಿದ್ದ ಹಿರಿಯರು ಪ್ರತಿ ಉಪನಗರದಲ್ಲೂ ಇದ್ದಾರೆ. ಅವರನ್ನು ಸನ್ಮಾನಕ್ಕೆ ಕರೆದು ಶಾಲು ಹೊದಿಸುವುದಕ್ಕಿಂತ ಕಲಿಸಲು ಕರೆಯುವುದು ಮೇಲು. ಕೈಯಲ್ಲಿ ಫಿಲ್ಮ್ ಸುತ್ತುವ ರೀಲ್ ಕೊಟ್ಟರೆ ಬೆರಳುಗಳು ತಾವಾಗಿ ನೆನಪು ಮಾಡಿಕೊಳ್ಳುತ್ತವೆ.

ಜಾಗಕ್ಕಾಗಿ ನಿಮ್ಮ ಹತ್ತಿರದ ಕನ್ನಡ ಸಂಘವನ್ನು ಕೇಳಿ. ಮಾಟುಂಗದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘ, ಡೊಂಬಿವಲಿಯ ಸಂಘ, ಜಾತಿ ಸಮುದಾಯಗಳ ಭವನಗಳು, ದೇವಸ್ಥಾನದ ಸಭಾಗೃಹ ಹೀಗೆ ಕೇಳಬಹುದಾದ ಬಾಗಿಲುಗಳು ಬಹಳ. ಗೌರವ ಕಾರ್ಯದರ್ಶಿಯವರಿಗೆ ಒಂದು ಪುಟದ ಪತ್ರ ಬರೆಯಿರಿ. ಯಾವ ದಿನ, ಎಷ್ಟು ಗಂಟೆ, ಎಷ್ಟು ಜನ, ನೀರು ಮತ್ತು ಕರೆಂಟ್ ಎಷ್ಟು ಬೇಕು, ನೆಲದ ಮೇಲೆ ಕಲೆ ಬೀಳದಂತೆ ಏನು ಹಾಸುತ್ತೀರಿ ಎಂಬುದು ಅದರಲ್ಲಿರಲಿ. ದೊಡ್ಡ ಸಭಾಂಗಣ ಕೇಳಬೇಡಿ. ನಾಟಕದವರು ಬಣ್ಣ ಹಚ್ಚಿಕೊಳ್ಳುವ ಕೋಣೆ ನಮ್ಮ ಕೆಲಸಕ್ಕೆ ಹೇಳಿಮಾಡಿಸಿದಂತಿರುತ್ತದೆ: ಒಂದು ಸಿಂಕ್, ಒಂದು ಮೇಜು, ಕಿಟಕಿ ಕಡಿಮೆ. ವಾರದ ನಡುವಿನ ಸಂಜೆಗಳಲ್ಲಿ ಅದು ಸಾಮಾನ್ಯವಾಗಿ ಖಾಲಿಯೇ ಇರುತ್ತದೆ.

1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇರುವುದು ಭಾವು ದಾಜಿ ರಸ್ತೆಯಲ್ಲಿ. ಆ ರಸ್ತೆಗೆ ಹೆಸರಾದ, ಹತ್ತೊಂಬತ್ತನೆಯ ಶತಮಾನದ ವೈದ್ಯ ಭಾವು ದಾಜಿ ಲಾಡ್ ಅವರ ತಮ್ಮ ಡಾ. ನಾರಾಯಣ ದಾಜಿ ಈ ನಗರದ ಮೊದಲ ತಲೆಮಾರಿನ ಛಾಯಾಗ್ರಾಹಕರಲ್ಲಿ ಒಬ್ಬರು. 1854ರಲ್ಲೇ ಇಲ್ಲಿ ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಸ್ಥಾಪನೆಯಾಯಿತು, ಮರುವರ್ಷ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಫೋಟೋಗ್ರಫಿ ತರಗತಿ ಶುರುವಾಯಿತು. ಸೇರಿ ಕಲಿಯುವುದು, ಸೇರಿ ತೋರಿಸುವುದು ಈ ಊರಿನ ಛಾಯಾಗ್ರಹಣಕ್ಕೆ ಹುಟ್ಟಿನಿಂದಲೇ ಬಂದದ್ದು. ಪತ್ರದಲ್ಲಿ ಇದನ್ನೂ ಎರಡು ಸಾಲು ಬರೆಯಿರಿ. ಸಂಘದ ಹಿರಿಯರಿಗೆ ಇಂಥ ನಂಟು ಬಹಳ ಹಿಡಿಸುತ್ತದೆ, ಹಿಡಿಸಬೇಕಾದದ್ದೇ.

ಕ್ಯಾಮೆರಾ ಮತ್ತು ರೋಲ್

ಬಳಗಕ್ಕೆ ಒಂದು ಒಳ್ಳೆಯ 35 ಎಂಎಂ ಕ್ಯಾಮೆರಾ ಇದ್ದರೆ ಸಾಕು. ಬ್ಯಾಟರಿ ಇಲ್ಲದೆಯೂ ಶಟರ್ ಬೀಳುವ ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2 ತರಹದವು ಕಲಿಕೆಗೆ ಉತ್ತಮ. ಮಟನ್ ಸ್ಟ್ರೀಟ್‌ನ ಚೋರ್ ಬಜಾರಿನಲ್ಲಿ ಕೊಳ್ಳುವುದಾದರೆ ಕಿಸೆಯಲ್ಲಿ ಸಣ್ಣ ಟಾರ್ಚ್ ಇರಲಿ. ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಸ್ಟು, ಕಡಲ ಗಾಳಿಯ ಈ ಊರಿನಲ್ಲಿ ಬಲು ಸಾಮಾನ್ಯ. ಶಟರ್ ವೇಗವನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ, ನಡುವೆ ಸಿಕ್ಕಿಕೊಳ್ಳದೆ ಪೂರ್ತಿ ಓಡಬೇಕು. ಹಿಂಬಾಗಿಲು ತೆರೆದು ಅಂಚಿನ ಕಪ್ಪು ಸ್ಪಂಜನ್ನು ಉಗುರಿನಿಂದ ಮುಟ್ಟಿ ನೋಡಿ. ಅಂಟಂಟಾಗಿ ಪುಡಿಯಾದರೆ ಬೆಳಕು ಒಳಗೆ ಸೋರುತ್ತದೆ. ಇದನ್ನು ಸರಿಪಡಿಸಬಹುದು, ಬೆಲೆ ಇಳಿಸಿ ಕೇಳಿ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದ್ದರೆ ಬಿಟ್ಟುಬಿಡಿ.

36 ಫ್ರೇಮಿನ ಒಂದು ಬಣ್ಣದ ರೋಲ್, ಅದನ್ನು ತೊಳೆಸಿ ಸ್ಕ್ಯಾನ್ ಮಾಡಿಸುವ ಖರ್ಚು ಎಲ್ಲ ಸೇರಿದರೆ ಇವತ್ತು ಸಾವಿರ ರೂಪಾಯಿ ದಾಟುತ್ತದೆ. ಬಣ್ಣದ ಫಿಲ್ಮ್ ತೊಳೆಯುವ ಸಿ-41 ಎಂಬ ವಿಧಾನಕ್ಕೆ 38 ಡಿಗ್ರಿ ಶಾಖವನ್ನು ಬಿಗಿಯಾಗಿ ಕಾಯ್ದುಕೊಳ್ಳಬೇಕು. ಆದ್ದರಿಂದ ಬಳಗ ಕಪ್ಪು ಬಿಳುಪಿನಿಂದಲೇ ಶುರುಮಾಡಲಿ. 400 ಐಎಸ್‌ಒ (ಬೆಳಕಿಗೆ ಫಿಲ್ಮಿನ ಚುರುಕಿನ ಅಳತೆ) ಇರುವ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್ ಬಿಸಿಲಿಗೂ ಗಲ್ಲಿಯ ನೆರಳಿಗೂ ಒಗ್ಗುತ್ತವೆ, ಬೆಳಕಿನ ಅಳತೆಯಲ್ಲಿ ಸಣ್ಣಪುಟ್ಟ ತಪ್ಪನ್ನು ಸಹಿಸುತ್ತವೆ. ರೋಲ್‌ಗಳನ್ನು ಫ್ರಿಜ್ಜಿನಲ್ಲಿಡಿ. ಹೊರತೆಗೆದ ಮೇಲೆ ಡಬ್ಬಿಯ ಮುಚ್ಚಳ ತೆರೆಯದೆ ಒಂದೆರಡು ಗಂಟೆ ಬಿಡಿ, ಇಲ್ಲವಾದರೆ ತಣ್ಣಗಿನ ಫಿಲ್ಮಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ.

ಮೊದಲ ಕಮ್ಮಟ: ರೋಲ್ ತೊಳೆಯುವುದು

ಎಲ್ಲರೂ ನಡಿಗೆಯಿಂದ ಶುರುಮಾಡುತ್ತಾರೆ. ನೀವು ತೊಳೆಯುವುದರಿಂದ ಶುರುಮಾಡಿ. ಕಮ್ಮಟದ ಹಿಂದಿನ ದಿನ ಒಬ್ಬರು ಒಂದು ರೋಲನ್ನು ಮನೆಯ ಸುತ್ತಮುತ್ತಲೇ ಮುಗಿಸಿ ತರಲಿ. ಟ್ಯಾಂಕಿನಿಂದ ಒದ್ದೆ ಫಿಲ್ಮ್ ಬಿಚ್ಚಿಕೊಂಡು ಬರುವುದನ್ನು ಕಣ್ಣಾರೆ ಕಂಡವರು ಬಳಗ ಬಿಡುವುದಿಲ್ಲ. ಇದು ನನ್ನ ಗಟ್ಟಿ ನಂಬಿಕೆ.

ಇದಕ್ಕೆ ಕತ್ತಲೆ ಕೋಣೆ ಬೇಕಾಗಿಲ್ಲ. ಎರಡು ತೋಳುಗಳಿರುವ ಕಪ್ಪು ಚೇಂಜಿಂಗ್ ಬ್ಯಾಗ್, ಬೆಳಕು ಸೋರದ ಟ್ಯಾಂಕ್, ಥರ್ಮಾಮೀಟರ್, ಅಳತೆಯ ಜಾಡಿಗಳು, ಎರಡು ಕ್ಲಿಪ್ಪುಗಳು ಸಾಕು. ಫಿಲ್ಮನ್ನು ರೀಲಿಗೆ ಸುತ್ತುವ ಕೆಲಸವನ್ನು ಮೊದಲು ಹಾಳಾದ ಒಂದು ರೋಲ್ ಇಟ್ಟುಕೊಂಡು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ, ಕೊನೆಗೆ ಚೀಲದೊಳಗೆ ಎಲ್ಲರೂ ಮಾಡಲಿ. ಮುಂಬಯಿಯ ಸೆಖೆಯಲ್ಲಿ ಚೀಲದೊಳಗೆ ಕೈ ಬೇಗ ಬೆವರುತ್ತದೆ, ಬೆವರಿದ ಬೆರಳಿಗೆ ಫಿಲ್ಮ್ ಅಂಟುತ್ತದೆ, ಪ್ಲಾಸ್ಟಿಕ್ ರೀಲ್ ಮುಂದೆ ಸರಿಯುವುದಿಲ್ಲ. ಫ್ಯಾನಿನ ಕೆಳಗೆ ಕುಳಿತು, ಕೈ ತೊಳೆದು ಪೂರ್ತಿ ಒರೆಸಿಕೊಂಡು ಶುರುಮಾಡಬೇಕು. ಸಿಕ್ಕಿಕೊಂಡರೆ ಒತ್ತಾಯ ಮಾಡದೆ ಫಿಲ್ಮನ್ನು ಟ್ಯಾಂಕಿನೊಳಗೆ ಹಾಕಿ ಮುಚ್ಚಳ ಮುಚ್ಚಿ, ಕೈ ಹೊರತೆಗೆದು, ಒಣಗಿಸಿ ಮತ್ತೆ ಹೋಗಿ.

ಈಗ ನೀರಿನ ವಿಷಯ. ಚಿತ್ರ ಮೂಡಿಸುವ ರಾಸಾಯನಿಕವಾದ ಡೆವಲಪರಿನ ಕೈಪಿಡಿಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ ಲೆಕ್ಕದಲ್ಲಿ ಬರೆದವು. ನಮ್ಮ ನಲ್ಲಿಯ ನೀರು ಬೇಸಿಗೆಯಲ್ಲಿ 30ರ ಹತ್ತಿರವಿರುತ್ತದೆ. ಎಚ್‌ಪಿ5 ಅನ್ನು ನೀರು ಬೆರೆಸದ ಡಿ-76 ಡೆವಲಪರಿನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ ತೊಳೆಯಬೇಕು. ಬೆಚ್ಚಗಿನ ನೀರಾದರೆ ಸಮಯ ಐದು ನಿಮಿಷದ ಕೆಳಗೆ ಇಳಿದುಬಿಡುತ್ತದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಡೆವಲಪರ್ ಸುರಿಯುವುದರಲ್ಲಿ ಕೆಲವು ಸೆಕೆಂಡು ಹೆಚ್ಚುಕಡಿಮೆಯಾದರೂ ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ. ನನ್ನ ಸಲಹೆ ಇದು: ಡಿ-76ಕ್ಕೆ ಅಷ್ಟೇ ನೀರು ಬೆರೆಸಿ. ಆಗ 20 ಡಿಗ್ರಿಗೆ 11 ನಿಮಿಷ, 24 ಡಿಗ್ರಿಗೆ ಸುಮಾರು 8 ನಿಮಿಷ. ಟಬ್ಬಿನಲ್ಲಿ ನೀರು ತುಂಬಿ ಒಂದೆರಡು ಐಸ್ ಚೀಲ ಹಾಕಿ ಅದರೊಳಗೆ ಜಾಡಿಗಳನ್ನು ನಿಲ್ಲಿಸಿದರೆ 24ಕ್ಕೆ ಇಳಿಸುವುದು ಸುಲಭ. ಒಂದು 35 ಎಂಎಂ ರೋಲಿಗೆ ಸುಮಾರು 300 ಮಿಲಿಲೀಟರ್ ದ್ರಾವಣ ಬೇಕು, ಅಂದರೆ ಒಂದು ಲೀಟರ್ ಡೆವಲಪರಿಗೆ ಅಷ್ಟೇ ನೀರು ಬೆರೆಸಿದ ಎರಡು ಲೀಟರಿನಲ್ಲಿ ಆರು ರೋಲ್ ತೊಳೆಯಬಹುದು. ಒಮ್ಮೆ ಬಳಸಿದ ಬೆರಕೆಯನ್ನು ಮತ್ತೆ ಬಳಸಬಾರದು.

ಡೆವಲಪರ್ ಸುರಿದ ಮೇಲೆ ಮೊದಲ ಹತ್ತು ಸೆಕೆಂಡು, ಆಮೇಲೆ ಪ್ರತಿ ನಿಮಿಷದ ಆರಂಭದ ಹತ್ತು ಸೆಕೆಂಡು ಟ್ಯಾಂಕನ್ನು ನಿಧಾನವಾಗಿ ತಲೆಕೆಳಗು ಮಾಡಿ ನೆಟ್ಟಗೆ ಮಾಡಿ, ಗುಳ್ಳೆಗಳು ಬಿಡುವಂತೆ ಮೇಜಿಗೆ ಮೆಲ್ಲನೆ ತಟ್ಟಿ. ಇದನ್ನು ನಿಮಿಷಕ್ಕೊಬ್ಬರಂತೆ ಹಂಚಿಕೊಳ್ಳಿ, ಒಬ್ಬರು ಗಡಿಯಾರ ನೋಡಿ ಕೂಗಲಿ. ನಂತರ ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಆಮೇಲೆ ಮೂರರಿಂದ ಐದು ನಿಮಿಷ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್, ಕೊನೆಗೆ ನೀರಿನಲ್ಲಿ ಜಾಲಾಡುವುದು. ಎಲ್ಲ ದ್ರಾವಣಗಳೂ ಜಾಲಾಡುವ ನೀರೂ ಹೆಚ್ಚುಕಡಿಮೆ ಒಂದೇ ಶಾಖದಲ್ಲಿರಲಿ. ಹರಿಯುವ ನೀರು ಬಿಡುವ ಅಗತ್ಯವಿಲ್ಲ: ಟ್ಯಾಂಕಿಗೆ ಹೊಸ ನೀರು ತುಂಬಿ ಐದು ಬಾರಿ, ಮತ್ತೆ ಹೊಸ ನೀರಿನಲ್ಲಿ ಹತ್ತು ಬಾರಿ, ಕೊನೆಗೆ ಇಪ್ಪತ್ತು ಬಾರಿ ತಲೆಕೆಳಗು ಮಾಡಿದರೆ ಸಾಕು. ಇದು ಇಲ್ಫರ್ಡ್ ಹೇಳಿಕೊಟ್ಟ ಕ್ರಮ, ನೀರು ಅಳೆದು ಬಿಡುವ ಕಟ್ಟಡಗಳಲ್ಲಿ ಇರುವವರಿಗೆ ವರದಾನ.

ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತದೆ, ಅದನ್ನು ಮೋರಿಗೆ ಚೆಲ್ಲಬಾರದು. ಒಂದು ಕ್ಯಾನಿನಲ್ಲಿ ಕೂಡಿಟ್ಟು, ಬೆಳ್ಳಿ ಬೇರ್ಪಡಿಸುವವರಿಗೆ ಕೊಡುವ ಲ್ಯಾಬಿಗೆ ಒಪ್ಪಿಸಿ. ಕ್ಯಾನಿನ ಮೇಲೆ ಕನ್ನಡ, ಮರಾಠಿ ಎರಡರಲ್ಲೂ "ರಾಸಾಯನಿಕ, ಕುಡಿಯಬಾರದು" ಎಂದು ದಪ್ಪಗೆ ಬರೆಯಿರಿ. ಸಂಘದ ಕೋಣೆಗೆ ಯಾರು ಯಾರೋ ಬರುತ್ತಾರೆ.

ಎರಡನೆಯ ಕಮ್ಮಟಕ್ಕೆ ಕಾಫಿಯಲ್ಲಿ ತೊಳೆಯುವ ಪ್ರಯೋಗವಿಟ್ಟುಕೊಳ್ಳಿ. ನೂರು ಐಎಸ್‌ಒ ಫಿಲ್ಮಿಗೆ, ಒಂದು ಲೀಟರ್ ನೀರಿನಲ್ಲಿ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. 20 ಡಿಗ್ರಿಯಲ್ಲಿ 15 ನಿಮಿಷ. ಚಿಕೋರಿ ಬೆರೆಸದ ಅಗ್ಗದ ಪುಡಿ ತನ್ನಿ. ಮಾಟುಂಗದಿಂದ ತಂದ ಒಳ್ಳೆಯ ಫಿಲ್ಟರ್ ಪುಡಿಯನ್ನು ಇದಕ್ಕೆ ಸುರಿಯಬೇಡಿ, ಅದು ಕುಡಿಯಲು ಇರಲಿ. ವಾಸನೆ ಗಡುಸಾಗಿರುತ್ತದೆ, ಕಿಟಕಿ ತೆರೆದಿಡಿ.

ನಡಿಗೆ

ಆರು ಜನವೇ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. 36 ಫ್ರೇಮಿನ ರೋಲನ್ನು ತೊಳೆದ ಮೇಲೆ ಆರಾರು ಫ್ರೇಮಿನ ಆರು ಪಟ್ಟಿಗಳಾಗಿ ಕತ್ತರಿಸುತ್ತೇವೆ. ಹಾಗಾಗಿ ಮೊದಲ ನಡಿಗೆಯಲ್ಲಿ ಒಂದೇ ಕ್ಯಾಮೆರಾ, ಒಂದೇ ರೋಲ್, ತಲೆಗೆ ಆರು ಫ್ರೇಮ್. ಲೆಕ್ಕದ ಮುಳ್ಳು 6 ತೋರಿಸುವಾಗ ಒತ್ತಿದ ಕೂಡಲೇ ಕ್ಯಾಮೆರಾ ಮುಂದಿನವರ ಕೈಗೆ. ಮೊದಲಿನ ಒಂದೆರಡು ಹೆಚ್ಚುವರಿ ಫ್ರೇಮ್‌ಗಳನ್ನು ಖಾಲಿ ಒತ್ತಿ 1ರಿಂದಲೇ ಶುರುಮಾಡಿ, ಕತ್ತರಿಸುವಾಗ ಒಬ್ಬರ ಪಟ್ಟಿಗೆ ಇನ್ನೊಬ್ಬರ ಚಿತ್ರ ಸೇರುವುದಿಲ್ಲ. ಆರೇ ಚಿತ್ರ ಎಂದಾಗ ಕೈ ತಡೆಯುತ್ತದೆ, ಕಣ್ಣು ಹುಡುಕುತ್ತದೆ. ಉಳಿದ ಐವರು ಸುಮ್ಮನೆ ನಿಲ್ಲುವುದಿಲ್ಲ. ಬೆಳಕು ಅಳೆಯುತ್ತಾರೆ, ದೂರ ಅಂದಾಜು ಮಾಡುತ್ತಾರೆ, ಮಾತನಾಡಿಸುತ್ತಾರೆ, ಫ್ರೇಮಿನ ಸಂಖ್ಯೆ ಮತ್ತು ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ನಡಿಗೆಗೆ ಹೊರಡುವ ಮುನ್ನ ಒಂದು ಸಂಜೆ ದೊಡ್ಡವರ ಚಿತ್ರಗಳನ್ನು ಒಟ್ಟಿಗೆ ನೋಡಿ. ಇದೇ ಊರಿನ ಜೆ. ಜೆ. ಕಲಾಶಾಲೆಯಲ್ಲಿ ಕಲಿತ, ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಅವರದು ಕೆಲವು, ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರದು ಕೆಲವು. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯೂನಿಸೆಫ್ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಏರ್ಪಡಿಸಿತ್ತು. ಛಾಯಾಗ್ರಾಹಕರು ಎಷ್ಟು ಹತ್ತಿರ ನಿಂತಿದ್ದಾರೆ, ಬೆಳಕು ಯಾವ ಕಡೆಯಿಂದ ಬಂದಿದೆ ಎಂಬ ಎರಡೇ ಪ್ರಶ್ನೆ ಕೇಳಿಕೊಂಡು ನೋಡಿದರೆ ಬಹಳ ಕಲಿಯಬಹುದು.

ಮೊದಲ ನಡಿಗೆಗೆ ನಾನು ಮಾಟುಂಗವನ್ನೇ ಸೂಚಿಸುತ್ತೇನೆ. ಸೆಂಟ್ರಲ್ ಲೈನಿನ ಮಾಟುಂಗ ನಿಲ್ದಾಣದ ಪೂರ್ವಕ್ಕೆ ಬೆಳಿಗ್ಗೆ ಏಳಕ್ಕೆ ಸೇರಿ. ದೇಶದಲ್ಲೇ ಮೊದಲು ಪೂರ್ತಿ ಮಹಿಳಾ ಸಿಬ್ಬಂದಿ ನಡೆಸಿದ ನಿಲ್ದಾಣವಿದು. ಹೂವಿನ ಅಂಗಡಿಗಳ ಗಲ್ಲಿಯಲ್ಲಿ ಆ ಹೊತ್ತಿಗೆ ನೀಲಿ ತಾಡಪಾಲಿನ ಕೆಳಗೆ ಹಾರ ಕಟ್ಟುವವರು ಕುಳಿತಿರುತ್ತಾರೆ. ಒಬ್ಬರ ಕೈಯನ್ನಷ್ಟೇ ಕೆಲವು ನಿಮಿಷ ನೋಡಿ: ಎಡಗೈಯ ಎರಡು ಬೆರಳ ನಡುವೆ ಮಲ್ಲಿಗೆ ಮೊಗ್ಗುಗಳನ್ನು ಜೋಡಿಸಿ ಹಿಡಿದು ಬಲಗೈ ದಾರವನ್ನು ಒಂದು ಸುತ್ತು ತಂದು ಬಿಗಿಯುತ್ತದೆ, ಬಿಗಿಯುವ ಆ ಗಳಿಗೆಯಲ್ಲಿ ಕೈ ಅರೆಕ್ಷಣ ನಿಲ್ಲುತ್ತದೆ. ಶಟರ್ ಒತ್ತಬೇಕಾದದ್ದು ಆಗ. ತಾಡಪಾಲಿನ ನೀಲಿ ಛಾಯೆ ಬಣ್ಣದ ಫಿಲ್ಮನ್ನು ಕೆಡಿಸುತ್ತದೆ, ಕಪ್ಪು ಬಿಳುಪಿಗೆ ಅದರ ಕಾಟವಿಲ್ಲ.

ಬೆಳಕಿನ ಅಂದಾಜು: 400ರ ಫಿಲ್ಮಿಗೆ ಚುರುಕು ಬಿಸಿಲಿನಲ್ಲಿ ಲೆನ್ಸಿನ ಕಂಡಿ (ಅಪರ್ಚರ್) ಎಫ್ 16, ಶಟರ್ 1/500 ಸೆಕೆಂಡು. ತೆರೆದ ಆಕಾಶದ ಕೆಳಗಿನ ನೆರಳಿನಲ್ಲಿ ಎಫ್ 8, 1/125. ತಾಡಪಾಲಿನ ಕೆಳಗೆ ಕಂಡಿಯನ್ನು ಇನ್ನೂ ಎರಡು ಮೆಟ್ಟಿಲು (ಸ್ಟಾಪ್) ತೆರೆಯಬೇಕು. ನೆಗೆಟಿವ್ ಫಿಲ್ಮಿಗೆ ಬೆಳಕು ತುಸು ಹೆಚ್ಚಾದರೆ ತೊಂದರೆಯಿಲ್ಲ, ಕಡಿಮೆಯಾದರೆ ನೆರಳಿನ ವಿವರ ಮತ್ತೆ ಸಿಗುವುದಿಲ್ಲ.

ಅಲ್ಲಿಂದ ಬಾಳೆಲೆ, ವಿಭೂತಿ, ಕಾಫಿ ಪುಡಿ ಮಾರುವ ಅಂಗಡಿಗಳನ್ನು ದಾಟಿ, ಕಿಂಗ್ಸ್ ಸರ್ಕಲ್ ಸುತ್ತಿ, ಫೈವ್ ಗಾರ್ಡನ್ಸ್‌ನ ಮರಗಳ ನೆರಳಿನಲ್ಲಿ ಮುಗಿಸಬಹುದು. ಹೊಟ್ಟೆಗೆ ಉಡುಪಿ ಹೋಟೆಲುಗಳಿವೆ. ಹೋಟೆಲಿನೊಳಗೆ ತೆಗೆಯುವುದಾದರೆ ಗಲ್ಲಾದಲ್ಲಿ ಕೇಳಿ, ಅದೂ ನಮ್ಮ ಭಾಷೆಯಲ್ಲಿ ಕೇಳಿ. "ಊರು ಯಾವುದು?" ಎಂಬ ಪ್ರಶ್ನೆ ಬಂದರೆ ಅರ್ಧ ಅನುಮತಿ ಸಿಕ್ಕಂತೆ.

ಜನರ ಚಿತ್ರ ತೆಗೆಯುವ ಮೊದಲು ಮಾತನಾಡಿಸುವುದೇ ನನ್ನ ಕ್ರಮ. ಹೂವಿನವರಿಗೆ ಮರಾಠಿ, ಹಿಂದಿ, ತಮಿಳು ಬರುತ್ತದೆ. ನಿಮಗೆ ಬರುವ ಯಾವುದರಲ್ಲಾದರೂ ಎರಡು ಮಾತಾಡಿ. ಒಂದು ಪ್ರಿಂಟ್ ತಂದುಕೊಡುತ್ತೇವೆ ಎಂದು ಹೇಳಿ, ತಂದುಕೊಡಿ. ಬೇಡವೆಂದವರ ಮುಂದೆ ಕ್ಯಾಮೆರಾ ಕೆಳಗಿಳಿಸಿ. ರೈಲ್ವೆ ನಿಲ್ದಾಣದ ಒಳಗೆ, ಪ್ಲಾಟ್‌ಫಾರಂ ಮೇಲೆ ತೆಗೆಯಲು ರೈಲ್ವೆಯ ಅನುಮತಿ ಬೇಕು. ಕೊಲಾಬಾ ಕಡೆ ಹೋದರೆ ನೌಕಾಪಡೆಯ ಜಾಗಗಳತ್ತ ಲೆನ್ಸ್ ತಿರುಗಿಸಬೇಡಿ. ಬಂದರು, ಧಕ್ಕೆಗಳಲ್ಲಿ ಮೊದಲೇ ವಿಚಾರಿಸಿ. ಟ್ರೈಪಾಡ್ ನಿಲ್ಲಿಸಿದ ಕಡೆ ಕಾವಲುಗಾರರು ಬಂದೇ ಬರುತ್ತಾರೆ, ಗುಂಪಿನ ನಡಿಗೆಗೆ ಅದನ್ನು ಒಯ್ಯದಿರುವುದು ಲೇಸು.

ಮುಂದಿನ ನಡಿಗೆಗಳಿಗೆ ಗಿರಗಾಂವದ ಖೋಟಾಚಿವಾಡಿ, ವಾಲ್ಕೇಶ್ವರದ ಬಾಣಗಂಗಾ, ದಾದರಿನ ಹೂವಿನ ಮಾರುಕಟ್ಟೆ, ವರಳಿಯ ಮೀನುಗಾರರ ಕೇರಿಯಾದ ಕೋಳಿವಾಡಗಳಿವೆ. ಅವುಗಳ ಹೊತ್ತಿಗೆ ಪ್ರತಿಯೊಬ್ಬರೂ ತಮ್ಮ ಕ್ಯಾಮೆರಾ ತರಬಹುದು. ಒಂದು ನಿಯಮ ಮಾತ್ರ ಬಿಡಬೇಡಿ: ಒಂದು ನಡಿಗೆಗೆ ಒಬ್ಬರಿಗೆ ಒಂದೇ ರೋಲ್, ಅದನ್ನು ಆ ವಾರವೇ ಬಳಗದ ಟ್ಯಾಂಕಿನಲ್ಲಿ ತೊಳೆಯಬೇಕು.

ಮನೆಯಲ್ಲಿ ಮಲಗಿರುವ ನೆಗೆಟಿವ್‌ಗಳು

ಮುಂಬಯಿಯ ಕನ್ನಡ ಮನೆಗಳ ಅಟ್ಟ, ಕಪಾಟುಗಳಲ್ಲಿ ನಮ್ಮ ದೊಡ್ಡ ಆಸ್ತಿಯೊಂದಿದೆ. ಉಡುಪಿ, ಮಂಗಳೂರು, ಕುಂದಾಪುರದ ಕಡೆಯಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರು ಊರಿಗೆ ಕಳುಹಿಸಲೆಂದು ತೆಗೆಸಿಕೊಂಡ ಚಿತ್ರಗಳವು. ಪ್ರಿಂಟ್ ಊರಿಗೆ ಹೋಯಿತು, ನೆಗೆಟಿವ್ ಇಲ್ಲೇ ಉಳಿಯಿತು. ಇಂಥವು ಒಂದೊಂದೇ ಕಸಕ್ಕೆ ಹೋಗುತ್ತಿರುವುದು ನನಗೆ ತೀರ ಸಂಕಟದ ಸಂಗತಿ. ಮಳೆಗಾಲದ ಮೂರನೆಯ ಕಮ್ಮಟವನ್ನು ಇದಕ್ಕೇ ಮೀಸಲಿಡಿ. ಸಂಘದ ಸೂಚನಾ ಫಲಕದಲ್ಲಿ, ಮುಂಬಯಿಯ ಕನ್ನಡ ಪತ್ರಿಕೆಗಳಲ್ಲಿ ಒಂದು ಸಣ್ಣ ಕರೆ ಕೊಟ್ಟರೆ ಜನ ಲಕೋಟೆ ಹಿಡಿದು ಬರುತ್ತಾರೆ.

ಬಂದದ್ದನ್ನು ಅವರ ಎದುರಿನಲ್ಲೇ ತೆರೆಯಿರಿ. ಹತ್ತಿಯ ಕೈಗವಸು ಹಾಕಿ, ಅಂಚಿನಲ್ಲಷ್ಟೇ ಹಿಡಿಯಿರಿ. ವಿನಿಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದೆ ಎಂದರ್ಥ. ಅದನ್ನು ಬೇರೆ ಕಾಗದದ ಲಕೋಟೆಯಲ್ಲಿಡಿ, ಉಳಿದವುಗಳ ಜೊತೆ ಸೇರಿಸಿದರೆ ಅವೂ ಕೆಡುತ್ತವೆ. ಮೊದಲು ಸ್ಕ್ಯಾನ್ ಆಗಬೇಕಾದ್ದು ಅದೇ. ಒಂದಕ್ಕೊಂದು ಅಂಟಿಕೊಂಡವನ್ನು ಎಳೆದು ಬಿಡಿಸಬೇಡಿ.

ಆಗ್ಫಾ ಕ್ಲಿಕ್ III ತರಹದ ಕ್ಯಾಮೆರಾಗಳ 120 ಫಿಲ್ಮಿನ ನೆಗೆಟಿವ್ ಸಿಕ್ಕರೆ ನಿಮ್ಮ ಅದೃಷ್ಟ. ಆರು ಸೆಂಟಿಮೀಟರ್ ಚೌಕದ ಅವುಗಳಿಂದ ಚಿತ್ರ ಹಿಗ್ಗಿಸುವ ಎನ್‌ಲಾರ್ಜರ್ ಇಲ್ಲದೆಯೇ ಪ್ರಿಂಟ್ ಹಾಕಬಹುದು. ಕಿಟಕಿಯಿಲ್ಲದ ಬಚ್ಚಲುಮನೆ, ಫೋಟೋ ಕಾಗದವನ್ನು ಕೆಡಿಸದ ಒಂದು ಕೆಂಪು ದೀಪ (ಸೇಫ್‌ಲೈಟ್), ಮೂರು ಟ್ರೇ, ಒಂದು ಗಾಜು, ಒಂದು ಸಣ್ಣ ಬಲ್ಬ್ ಇಷ್ಟೇ ಸಲಕರಣೆ. ಕಾಗದದ ಮೇಲೆ ನೆಗೆಟಿವ್ ಇಟ್ಟು ಗಾಜು ಒತ್ತಿ, ಮೊದಲು ಒಂದು ತುಂಡು ಕಾಗದದಲ್ಲಿ ಎರಡು, ನಾಲ್ಕು, ಎಂಟು ಸೆಕೆಂಡು ಬಲ್ಬಿನ ಬೆಳಕು ಬಿದ್ದ ಪಟ್ಟಿ ತೆಗೆದು ಸರಿಯಾದ ಹೊತ್ತನ್ನು ಆರಿಸಿಕೊಳ್ಳಿ. ಡೆವಲಪರ್ ಟ್ರೇಯಲ್ಲಿ ಬಿಳಿ ಕಾಗದ ಕೆಲವು ಸೆಕೆಂಡು ಬಿಳಿಯಾಗಿಯೇ ಇರುತ್ತದೆ. ಆಮೇಲೆ ಮೊದಲು ಎಣ್ಣೆ ಹಚ್ಚಿ ಬಾಚಿದ ಕ್ರಾಪು ಕಾಣುತ್ತದೆ, ಬಳಿಕ ಹುಬ್ಬು, ಕೋಟಿನ ಕಾಲರು. ಮುಖ ಬರುವುದು ಎಲ್ಲಕ್ಕಿಂತ ಕೊನೆಗೆ. ಆ ಲಕೋಟೆ ತಂದವರನ್ನು ಟ್ರೇಯ ಹತ್ತಿರವೇ ನಿಲ್ಲಿಸಿಕೊಳ್ಳಿ. "ಅಪ್ಪ" ಎನ್ನುವ ಮಾತು ಅವರ ಬಾಯಿಯಿಂದ ಬಂದ ಮೇಲೆ ಅವರು ನಿಮ್ಮ ಬಳಗದವರೇ.

ಅದೇ ಹೊತ್ತಿನಲ್ಲಿ ಕೇಳಿ ಬರೆದುಕೊಳ್ಳಿ: ಯಾರು, ಯಾವ ಇಸವಿ, ಯಾವ ಚಾಳು, ಯಾವ ಹೋಟೆಲು, ಪಕ್ಕದಲ್ಲಿ ನಿಂತವರು ಯಾರು. ಗೋಡೆಗೆ ಹಾಕಲು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ನೆಗೆಟಿವ್ ಅವರದು, ನಿಮಗೆ ಬಂದಿರುವುದು ಎರವಲು.

ಮಕ್ಕಳಿಗೊಂದು ಬೆಳಗು ಬೇಕಾದರೆ ಸಯನೋಟೈಪ್ ಇಟ್ಟುಕೊಳ್ಳಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಈ ನೀಲಿ ಅಚ್ಚಿಗೆ ಬಿಸಿಲು, ಎರಡು ಕಬ್ಬಿಣದ ಲವಣಗಳು, ಚಿತ್ರಕಲೆಯ ಕಾಗದ, ತೊಳೆಯಲು ನೀರು ಬಿಟ್ಟರೆ ಬೇರೇನೂ ಬೇಡ. ದ್ರಾವಣವನ್ನು ದೊಡ್ಡವರೇ ಹಚ್ಚಿ ಒಣಗಿಸಿಟ್ಟಿರಲಿ. ಮಕ್ಕಳು ಎಲೆ, ಹೂವು, ಕನ್ನಡ ಅಕ್ಷರಗಳ ಕತ್ತರಿಕೆ ಜೋಡಿಸಿ ತಾರಸಿಯ ಬಿಸಿಲಿಗಿಡಲಿ.

ಪ್ರದರ್ಶನ

ಚಿತ್ರ ತೂಗುಹಾಕುವ ಮುನ್ನ ತೂಗುಹಾಕಿದ್ದನ್ನು ನೋಡಿ ಬನ್ನಿ. ನರಿಮನ್ ಪಾಯಿಂಟ್‌ನ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶಕ ಕಲೆಗಳ ಕೇಂದ್ರ) ಆವರಣದಲ್ಲಿ ಛಾಯಾಚಿತ್ರಗಳಿಗೆಂದೇ ಇರುವ ಪಿರಾಮಲ್ ಗ್ಯಾಲರಿ, ಕಾಲಾ ಘೋಡಾದಲ್ಲಿ 1952ರಿಂದ ನಡೆದುಬಂದಿರುವ ಜಹಾಂಗೀರ್ ಕಲಾ ಗ್ಯಾಲರಿ, ಬೈಖಳಾದ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯ ಇವಕ್ಕೆ ಬಳಗವಾಗಿ ಹೋಗಿ. ಒಬ್ಬೊಬ್ಬರು ಒಂದೊಂದು ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಲಿ. ಚಿತ್ರದ ಸುತ್ತ ಎಷ್ಟು ಬಿಳಿ ಜಾಗ ಬಿಟ್ಟಿದ್ದಾರೆ, ದೀಪ ಎಲ್ಲಿಂದ ಬೀಳುತ್ತದೆ, ಅಡಿಬರಹ ಎಷ್ಟು ಉದ್ದವಿದೆ ಎಂದು ಅಳೆಯಲಿ. ದೊಡ್ಡ ಗ್ಯಾಲರಿಗಳಲ್ಲಿ ಜಾಗಕ್ಕೆ ಬಹಳ ಮುಂಚಿತವಾಗಿ ಅರ್ಜಿ ಹಾಕಬೇಕು. ಮೊದಲ ಪ್ರದರ್ಶನಕ್ಕೆ ಸಂಘದ ಸಭಾಗೃಹವೇ ಸರಿ. ಯಕ್ಷಗಾನ ತಾಳಮದ್ದಳೆಯೋ ನಾಟಕವೋ ಇರುವ ವಾರಾಂತ್ಯ ನೋಡಿ ಪಡಸಾಲೆಯಲ್ಲಿ ಚಿತ್ರ ಹಾಕಿದರೆ ಪ್ರೇಕ್ಷಕರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆರಿಸುವ ಕೆಲಸ ಕಾಂಟ್ಯಾಕ್ಟ್ ಶೀಟಿನಿಂದ, ಅಂದರೆ ರೋಲಿನ ಎಲ್ಲ ಪಟ್ಟಿಗಳನ್ನು ಒಂದೇ ಫೋಟೋ ಕಾಗದಕ್ಕೆ ಒತ್ತಿ ತೆಗೆದ ಪ್ರಿಂಟಿನಿಂದ. ಎಂಟು ಹತ್ತು ಇಂಚಿನ ಕಾಗದದ ಮೇಲೆ ಆರು ಪಟ್ಟಿಗಳನ್ನು ಒತ್ತಾಗಿ ಜೋಡಿಸಿದರೆ ಅಂಚಿನ ತೂತುಗಳಷ್ಟೇ ಹೊರಗುಳಿಯುತ್ತವೆ, ಚಿತ್ರಗಳೆಲ್ಲ ಒಳಗೆ ಬರುತ್ತವೆ. ಅದರ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ. ನಮ್ಮ ಚಿತ್ರವನ್ನು ನಾವು ಆರಿಸಬಾರದು, ಪಕ್ಕದವರು ಆರಿಸಬೇಕು. ತೆಗೆಯುವಾಗ ಪಟ್ಟ ಕಷ್ಟ ನಮಗೆ ಗೊತ್ತಿರುವುದರಿಂದ ಅದನ್ನೇ ಚಿತ್ರದ ಗುಣವೆಂದು ಭ್ರಮಿಸುತ್ತೇವೆ. ಆ ಕಷ್ಟದ ಅರಿವಿಲ್ಲದವರ ಕಣ್ಣು ನೇರವಾಗಿ ನೋಡುತ್ತದೆ. ಒಟ್ಟು ಇಪ್ಪತ್ತನಾಲ್ಕು ಚಿತ್ರ ಮೀರದಿರಲಿ, ಅದರಲ್ಲಿ ಮೂರನೇ ಒಂದು ಭಾಗ ಮನೆಗಳಿಂದ ಬಂದ ಹಳೆಯವು. ಮಾಟುಂಗದ ಇಂದಿನ ಗಲ್ಲಿಯ ಪಕ್ಕದಲ್ಲಿ ಐವತ್ತು ವರ್ಷದ ಹಿಂದೆ ಅಲ್ಲೇ ನಿಂತವರ ಚಿತ್ರ ಬಂದರೆ ಎರಡೂ ಮಾತಾಡತೊಡಗುತ್ತವೆ.

ಕತ್ತಲೆ ಕೋಣೆಯಲ್ಲಿ ಹಾಕಿದ ಪ್ರಿಂಟ್ ಸಾಧ್ಯವಾದಷ್ಟೂ ಇರಲಿ. ಆರ್‌ಸಿ (ಪ್ಲಾಸ್ಟಿಕ್ ಲೇಪನದ) ಕಾಗದ ಬೇಗ ಒಣಗುತ್ತದೆ, ಚಪ್ಪಟೆಯಾಗಿ ನಿಲ್ಲುತ್ತದೆ. ಫೈಬರ್ ಕಾಗದದ ಚೆಲುವು ಹೆಚ್ಚು, ಆದರೆ ಅದಕ್ಕೆ ನೀರು, ಸಮಯ, ತಾಳ್ಮೆ ಎಲ್ಲವೂ ಹೆಚ್ಚು ಬೇಕು, ಮೊದಲ ವರ್ಷಕ್ಕೆ ಬೇಡ. ಚಿತ್ರದ ನಡುಮಧ್ಯ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಒಂದು ದಾರ ಎಳೆದುಕೊಂಡು ಎಲ್ಲವನ್ನೂ ಆ ಸಾಲಿಗೆ ತನ್ನಿ. ಸಂಘದ ಗೋಡೆಗೆ ಮೊಳೆ ಹೊಡೆಯಬೇಡಿ. ಕಿಟಕಿಯಿಂದ ಕಿಟಕಿಗೆ ತಂತಿ ಕಟ್ಟಿ ಕ್ಲಿಪ್ಪಿನಲ್ಲಿ ತೂಗಿಸಿ, ಇಲ್ಲವೇ ಮದುವೆ ಮಂಟಪದವರಿಂದ ಬಟ್ಟೆ ಹೊದಿಸಿದ ಚೌಕಟ್ಟುಗಳನ್ನು ಬಾಡಿಗೆಗೆ ತನ್ನಿ. ಗಾಜು ಬೇಡ, ಟ್ಯೂಬ್‌ಲೈಟಿನ ಪ್ರತಿಬಿಂಬ ಚಿತ್ರವನ್ನು ನುಂಗುತ್ತದೆ.

ಅಡಿಬರಹ ಕನ್ನಡ, ಮರಾಠಿ ಎರಡರಲ್ಲೂ ಇರಲಿ. ಹೂವಿನ ಗಲ್ಲಿಯವರಿಗೂ ಆಮಂತ್ರಣ ಕೊಡಿ, ಅವರು ಬಂದು ಓದಬೇಕು. ಹಳೆಯ ಚಿತ್ರಗಳ ಕೆಳಗೆ ಒಂದು ಖಾಲಿ ಚೀಟಿ, ದಾರದಲ್ಲಿ ಕಟ್ಟಿದ ಪೆನ್ಸಿಲು ಇಡಿ. "ಎಡದಿಂದ ಎರಡನೆಯವರು ನಮ್ಮ ದೊಡ್ಡಪ್ಪ" ಎಂಬಂಥ ಸಾಲುಗಳು ಅಲ್ಲೇ ಸೇರಿಕೊಳ್ಳುತ್ತವೆ. ಮೇಜಿನ ಮೇಲೆ ಒಂದು ಲೈಟ್ ಬಾಕ್ಸ್, ಭೂತಗನ್ನಡಿ, ಆ ಆರು ಪಟ್ಟಿಗಳ ನೆಗೆಟಿವ್ ಇಡಿ. ಡಿಜಿಟಲ್ ಕಾಲದಲ್ಲೇ ಕಣ್ಣು ಬಿಟ್ಟ ಮಕ್ಕಳು ಗೋಡೆಯ ಚಿತ್ರಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಲ್ಲುತ್ತಾರೆ. ಉದ್ಘಾಟನೆಯ ಭಾಷಣ ಒಂದೇ ಸಾಕು, ಅದೂ ನೆಗೆಟಿವ್ ಕೊಟ್ಟ ಹಿರಿಯರೊಬ್ಬರದು.

ಪ್ರದರ್ಶನ ಇಳಿಸಿದ ವಾರದೊಳಗೆ ಮೂರು ಕೆಲಸ ಮುಗಿಸಿ. ಎರವಲು ತಂದ ನೆಗೆಟಿವ್‌ಗಳನ್ನು ಹೊಸ ಲಕೋಟೆಯಲ್ಲಿಟ್ಟು, ಚೀಟಿಯಲ್ಲಿ ಬಂದ ಹೆಸರುಗಳ ನಕಲು ಮತ್ತು ಒಂದು ಪ್ರಿಂಟ್ ಸಮೇತ ಮನೆಗೆ ಹೋಗಿ ಒಪ್ಪಿಸಿ. ಹೂವಿನವರಿಗೆ, ಹೋಟೆಲಿನವರಿಗೆ ಕೊಡುತ್ತೇವೆಂದ ಚಿತ್ರಗಳನ್ನು ಕೊಡಿ. ಸಂಘದ ಕಾರ್ಯದರ್ಶಿಗಳಿಗೆ ಖರ್ಚಿನ ಲೆಕ್ಕ ಒಂದು ಪುಟದಲ್ಲಿ ಬರೆದುಕೊಟ್ಟು, ಮಳೆಗಾಲದ ಸಂಜೆಗಳಿಗೆ ಅದೇ ಕೋಣೆಯನ್ನು ಆಗಲೇ ಕೇಳಿಟ್ಟುಕೊಳ್ಳಿ. ಭೇಟಿಯ ಪುಸ್ತಕದಲ್ಲಿ ನಂಬರು ಬರೆದುಹೋದವರಲ್ಲಿ ಆರು ಜನರಿಗೆ ಫೋನ್ ಮಾಡಿ, ನಿಮ್ಮಲ್ಲಿ ಇಬ್ಬರು ಅವರ ಮೊದಲ ಕಮ್ಮಟ ನಡೆಸಲಿ.